ನಾಯಕರ ಪೋಸ್ಟನ್ನು ಅಳೆಯುವುದು ಹೇಗೆ? ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ

ಶಾಸಕರೊಬ್ಬರು ಬೆಳಿಗ್ಗೆ ಫೇಸ್‌ಬುಕ್‌ನಲ್ಲಿ ಏನೋ ಬರೆದರು ಅಂತ ಇಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಅದು ಊರಿನ ಗ್ರೂಪು, ಡೇರಿ ಗ್ರೂಪು, ಟೊಮೆಟೊ ಬೆಳೆಗಾರರ ಗ್ರೂಪು ಎಲ್ಲವನ್ನೂ ಸುತ್ತಿ ಬಂದಿರುತ್ತದೆ. ಅವರ ಕಡೆಯವರು "ಸರಿಯಾಗಿ ಕೊಟ್ಟರು" ಅನ್ನುತ್ತಾರೆ. ಎದುರು ಕಡೆಯವರು "ನಾಲಿಗೆ ಮೇಲೆ ಹಿಡಿತವೇ ಇಲ್ಲ" ಅನ್ನುತ್ತಾರೆ. ಹೇಳಿದ್ದು ನಿಜವಾ, ಅದರಿಂದ ಯಾರಿಗೆ ಏನಾಗುತ್ತದೆ ಅಂತ ಕೇಳುವವರು ಕಡಿಮೆ.

ಈ ಲೇಖನ ಬರೆಯಲು ಕಾರಣ ಒಂದೇ. ನಾವು ನಾಯಕರ ಮಾತಿನ ಸಭ್ಯತೆಯನ್ನೂ ಹೊಣೆಗಾರಿಕೆಯನ್ನೂ ಒಂದೇ ಅಂತ ಕಲಸಿಬಿಡುತ್ತೇವೆ. ಬೈದರೆ ಕೆಟ್ಟವರು, ನಯವಾಗಿ ಮಾತಾಡಿದರೆ ಒಳ್ಳೆಯವರು ಅಂತ ತೀರ್ಮಾನ ಆಗಿಬಿಡುತ್ತದೆ. ಡೇರಿಯಲ್ಲಿ ಹಾಲಿಗೆ ಫ್ಯಾಟು ಬೇರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬೇರೆ ನೋಡುತ್ತಾರಲ್ಲ, ಹಾಗೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಒರಟಾಗಿ ಹೇಳಿದ ನಿಜಕ್ಕಿಂತ ಕೈಮುಗಿದು ಹೇಳಿದ ಸುಳ್ಳು ಜಾಸ್ತಿ ಹಾನಿ ಮಾಡುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು: ಇದು ನಿಜವಾಗಿ ಅವರದೇ ಮಾತಾ?

ನಾಯಕರ ಫೋಟೊ ಇದ್ದ ಮಾತ್ರಕ್ಕೆ ಅದು ಅವರ ಖಾತೆ ಅಲ್ಲ. ಪ್ರತಿ ತಾಲ್ಲೂಕಿನಲ್ಲೂ "ಅಭಿಮಾನಿ ಬಳಗ", "ಯುವ ಸೇನೆ" ಅಂತ ಹತ್ತಾರು ಪೇಜುಗಳಿರುತ್ತವೆ. ಅಲ್ಲಿ ಬಂದ ಮಾತನ್ನು ನಾಯಕರ ತಲೆಗೆ ಕಟ್ಟುವುದು ತಪ್ಪು. ಹಾಗಂತ ನಾಯಕರೇ ಆ ಪೇಜನ್ನು ತಮ್ಮ ಖಾತೆಯಿಂದ ಹಂಚುತ್ತಿದ್ದರೆ, "ನನಗೂ ಅದಕ್ಕೂ ಸಂಬಂಧವಿಲ್ಲ" ಅನ್ನುವ ಮಾತನ್ನು ಒಪ್ಪಬೇಕಾಗಿಲ್ಲ.

ಖಾತೆ ಅಸಲಿಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಬಹಳ ಜನ ಇದನ್ನು ಬಳಸುವುದೇ ಇಲ್ಲ. ವಿಧಾನಸಭೆಗೋ ಲೋಕಸಭೆಗೋ ನಿಂತ ಅಭ್ಯರ್ಥಿ ನಾಮಪತ್ರದ ಜೊತೆ ಫಾರಂ 26ರಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಆಸ್ತಿ, ಕೇಸುಗಳ ವಿವರದ ಜೊತೆಗೆ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಅದರಲ್ಲಿ ಬರೆಯಬೇಕು. ಇದು ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಫೇಸ್‌ಬುಕ್ ಪೇಜ್ ಆದರೆ "ಪೇಜ್ ಟ್ರಾನ್ಸ್‌ಪರೆನ್ಸಿ" ಒತ್ತಿ ನೋಡಿ. ಪೇಜು ಯಾವಾಗ ಹುಟ್ಟಿತು, ಹಿಂದೆ ಯಾವ ಹೆಸರಿತ್ತು ಅನ್ನುವುದು ಗೊತ್ತಾಗುತ್ತದೆ. ಹೋದ ವರ್ಷ ಕಾಮಿಡಿ ವಿಡಿಯೊ ಹಾಕುತ್ತಿದ್ದ ಪೇಜು ಈ ವರ್ಷ ನಾಯಕರ ಹೆಸರಿಗೆ ತಿರುಗಿದ್ದರೆ ಅಲ್ಲೇ ಅನುಮಾನ ಪಡಿ.

ಆಮೇಲೆ ಅವರ ಸ್ಥಾನ ಯಾವುದು ಅಂತ ನೋಡಿ. ಗ್ರಾಮ ಪಂಚಾಯಿತಿ ಸದಸ್ಯರ ಮಾತೂ ಜಿಲ್ಲಾ ಉಸ್ತುವಾರಿ ಸಚಿವರ ಮಾತೂ ಒಂದೇ ತೂಕದ್ದಲ್ಲ. ಸಚಿವರು ಒಬ್ಬ ಪಿಡಿಒ ಬಗ್ಗೆ ಬರೆದರೆ ಆ ಪಿಡಿಒಗೆ ರಾತ್ರಿ ನಿದ್ದೆ ಬರುವುದಿಲ್ಲ. ಅಧಿಕಾರ ಹೆಚ್ಚಾದಷ್ಟೂ ನಾವು ಕೇಳುವ ಎಚ್ಚರಿಕೆಯೂ ಹೆಚ್ಚಾಗಬೇಕು.

ಸಚಿವರ ಮಾತು ಸರ್ಕಾರದ ಮಾತಾ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿತ್ತು. 2023ರ ಜನವರಿ 3ರಂದು ಬಂದ ತೀರ್ಪಿನಲ್ಲಿ ಸಂವಿಧಾನ ಪೀಠದ ಬಹುಮತ, ಸಚಿವರೊಬ್ಬರ ಹೇಳಿಕೆಯನ್ನು ತಾನಾಗಿಯೇ ಸರ್ಕಾರದ ಮೇಲೆ ಹೊರಿಸಲು ಆಗದು ಅಂದಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬೇರೆ ಅಭಿಪ್ರಾಯ ಬರೆದರು. ಸಚಿವರು ತಮ್ಮ ಅಧಿಕಾರದ ನೆಲೆಯಲ್ಲಿ, ಸರ್ಕಾರದ ನಿಲುವಾಗಿ ಆಡಿದ ಮಾತನ್ನು ಅವರ ಖಾಸಗಿ ಮಾತಿನಿಂದ ಬೇರೆ ಮಾಡಿ ನೋಡಬೇಕು ಅನ್ನುವುದು ಅವರ ವಾದ. ಓದುಗರಾದ ನಮಗೆ ಇದು ಒಳ್ಳೆಯ ಪ್ರಶ್ನೆ ಕೊಡುತ್ತದೆ. ಇಲ್ಲಿ ಮಾತಾಡುತ್ತಿರುವುದು ಇಲಾಖೆಯಾ, ಪಕ್ಷವಾ, ಅಥವಾ ಅವರ ಸಿಟ್ಟಾ?

ಪೂರ್ತಿ ನೋಡದೆ ತೀರ್ಮಾನ ಬೇಡ

ಮೂವತ್ತು ಸೆಕೆಂಡಿನ ರೀಲ್ಸ್ ನೋಡಿ ಯಾರನ್ನೂ ಅಳೆಯಬೇಡಿ. ಯೂಟ್ಯೂಬ್‌ನಲ್ಲಿ ಪೂರ್ತಿ ಭಾಷಣ ಹುಡುಕಿ, ಆ ಮಾತಿನ ಮುಂಚಿನ ಎರಡು ನಿಮಿಷ, ನಂತರದ ಎರಡು ನಿಮಿಷ ಕೇಳಿ. ದಿನಾಂಕ ನೋಡಿ. ಹಳೆಯ ಚುನಾವಣೆಯ ವಿಡಿಯೊ ಇವತ್ತಿನದು ಅಂತ ಓಡುವುದು ಮಾಮೂಲು.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ನಾಯಕರು ಒಂದೇ ಭಾಷಣದಲ್ಲಿ ಕನ್ನಡ ತೆಲುಗು ಎರಡನ್ನೂ ಬೆರೆಸಿ ಮಾತಾಡುತ್ತಾರೆ. ತೆಲುಗಿನಲ್ಲಿ ಸಲಿಗೆಯಿಂದ "ಏಂ ರಾ" ಅಂದದ್ದನ್ನು ಕೆಳಗೆ ಕನ್ನಡ ಅಕ್ಷರದಲ್ಲಿ ಬೈಗುಳದ ಹಾಗೆ ಹಾಕಿದರೆ, ತೆಲುಗು ಬಾರದ ತುಮಕೂರಿನವರಿಗೆ ಅದು ಬೈಗುಳವೇ ಆಗುತ್ತದೆ. ಎರಡೂ ಭಾಷೆ ಗೊತ್ತಿರುವವರೊಬ್ಬರಿಗೆ ಕೇಳಿಸಿ, ಆಮೇಲೆ ಮಾತಾಡಿ.

ಪೋಸ್ಟ್ ಬರಹದ ರೂಪದಲ್ಲಿದ್ದರೆ ತಿದ್ದಿದ್ದಾರಾ ಅಂತಲೂ ನೋಡಬಹುದು. ಫೇಸ್‌ಬುಕ್‌ನಲ್ಲಿ ಮೂರು ಚುಕ್ಕೆ ಒತ್ತಿದರೆ ತಿದ್ದುಪಡಿಯ ಇತಿಹಾಸ ಸಿಗುತ್ತದೆ.

ಮಾತನ್ನು ಬಿಡಿಸಿ

ಇದೇ ಮುಖ್ಯ ಕೆಲಸ. ಒಂದು ಪೋಸ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಮಾತು ಬೆರೆತಿರುತ್ತದೆ: ಸಂಗತಿ, ಅಭಿಪ್ರಾಯ, ಭರವಸೆ, ಬೈಗುಳ. ಒಂದೊಂದನ್ನೂ ಬೇರೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಉದಾಹರಣೆಗೆ ನಾನೇ ಎರಡು ಪೋಸ್ಟ್ ಕಟ್ಟಿ ಕೊಡುತ್ತೇನೆ. ಇವು ಯಾರೂ ಹೇಳಿದ್ದಲ್ಲ.

ಒಂದು: "ಕೆ.ಸಿ. ವ್ಯಾಲಿ ನೀರಿಗೆ ಮೂರನೇ ಹಂತದ ಶುದ್ಧೀಕರಣ ಮಾಡದೆ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಈ ದರಿದ್ರ ಸರ್ಕಾರಕ್ಕೆ ಕೋಲಾರದ ಜನ ಅಂದರೆ ಲೆಕ್ಕಕ್ಕಿಲ್ಲ. ನಾಚಿಕೆ ಆಗಬೇಕು."

ಎರಡು: "ಆತ್ಮೀಯ ಬಂಧುಗಳೇ, ಕೆರೆಗೆ ಬರುತ್ತಿರುವ ನೀರು ಸಂಪೂರ್ಣ ಶುದ್ಧವಾಗಿದ್ದು ಕುಡಿಯಲೂ ಯೋಗ್ಯವಾಗಿದೆ. ವದಂತಿಗಳಿಗೆ ದಯವಿಟ್ಟು ಕಿವಿಗೊಡಬೇಡಿ. ನಿಮ್ಮ ಸೇವೆಯಲ್ಲಿ ಸದಾ."

ಓದಿದ ತಕ್ಷಣ ಎರಡನೆಯದು ಸಭ್ಯ, ಮೊದಲನೆಯದು ಒರಟು ಅನ್ನಿಸುತ್ತದೆ. ಈಗ ಬಿಡಿಸಿ ನೋಡಿ. ಕೆ.ಸಿ. ವ್ಯಾಲಿ ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆ. ಅಲ್ಲಿಂದ ಬರುವುದು ಬೆಂಗಳೂರಿನ ಕೊಳಚೆ ನೀರು. ಅದನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೆರೆಗಳಿಗೆ ಹರಿಸಲಾಗುತ್ತದೆ. 2018ರ ಜೂನ್‌ನಲ್ಲಿ ಅದು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿ ಗಲಾಟೆಯಾಗಿ, ವಿಷಯ ಹೈಕೋರ್ಟಿಗೆ ಹೋಯಿತು. ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಕುಡಿಯಲು ಕೊಡುವುದಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನುವುದು ಇಲ್ಲಿನ ರೈತ ಸಂಘಟನೆಗಳ ಹಳೆಯ ಬೇಡಿಕೆ.

ಅಂದರೆ ಮೊದಲ ಪೋಸ್ಟಿನಲ್ಲಿ ಒಂದು ಸಂಗತಿ ಇದೆ, ಅದನ್ನು ಪರಿಶೀಲಿಸಬಹುದು. "ಲೆಕ್ಕಕ್ಕಿಲ್ಲ" ಅನ್ನುವುದು ಅಭಿಪ್ರಾಯ. "ದರಿದ್ರ" ಅನ್ನುವುದು ಬೈಗುಳ, ಅದೂ ಸರ್ಕಾರದ ಮೇಲೆ, ಯಾವ ಮನುಷ್ಯನ ಮೇಲೂ ಅಲ್ಲ. ಎರಡನೇ ಪೋಸ್ಟಿನಲ್ಲಿ ಬೈಗುಳ ಒಂದೂ ಇಲ್ಲ. ಆದರೆ ಆ ಮಾತು ನಂಬಿ ಯಾರಾದರೂ ಕೆರೆ ನೀರು ಕುಡಿದರೆ? ಮಗುವಿಗೆ ಕುಡಿಸಿದರೆ? ಸಭ್ಯತೆಗೆ ಪೂರ್ತಿ ಅಂಕ, ಹೊಣೆಗಾರಿಕೆಗೆ ಸೊನ್ನೆ. ನಾನಾದರೆ ಎರಡನೆಯವರನ್ನೇ ಜಾಸ್ತಿ ಪ್ರಶ್ನಿಸುತ್ತೇನೆ.

ಸಭ್ಯತೆಗೆ ಏನು ನೋಡಬೇಕು

ನಮ್ಮಲ್ಲಿ ಮೊದಲು ಕಿವಿಗೆ ಬೀಳುವುದು ಏಕವಚನ. ಟಿವಿಯವರಿಗೂ ಅದೇ ಸುದ್ದಿ. ಆದರೆ ನಮ್ಮ ಊರುಗಳಲ್ಲಿ ವಯಸ್ಸಾದ ನಾಯಕರು ಕಾರ್ಯಕರ್ತನನ್ನು "ಏನಪ್ಪಾ, ಯಾವಾಗ ಬಂದೆ" ಅನ್ನುವುದು ಪ್ರೀತಿಯಿಂದ. ಎದುರಾಳಿಯನ್ನು, ಅಧಿಕಾರಿಯನ್ನು, ಅದರಲ್ಲೂ ದಲಿತ ಅಧಿಕಾರಿಯನ್ನೋ ಮಹಿಳಾ ಸದಸ್ಯರನ್ನೋ "ಅವನು, ಅವಳು" ಅಂತ ಬರೆದರೆ ಅದು ಬೇರೆಯೇ. ಅಲ್ಲಿ ಸಲಿಗೆ ಇಲ್ಲ, ಕೀಳಾಗಿ ಕಾಣುವುದಿದೆ. ಬಾಯಿತಪ್ಪಿ ಬಂದದ್ದಕ್ಕೂ ಕೂತು ಟೈಪ್ ಮಾಡಿದ್ದಕ್ಕೂ ವ್ಯತ್ಯಾಸ ಇದೆ ಅನ್ನುವುದನ್ನು ಮರೆಯಬೇಡಿ. ಬರೆಯುವಾಗ ಯೋಚಿಸಲು ಸಮಯ ಇತ್ತು.

ಏಕವಚನಕ್ಕಿಂತ ದೊಡ್ಡ ಪ್ರಶ್ನೆ, ಏಟು ಎಲ್ಲಿಗೆ ಬಿತ್ತು ಅನ್ನುವುದು. ಇದಕ್ಕೆ ಅಳತೆಗೋಲು ಆಗಲೇ ಬರೆದಿಟ್ಟಿದ್ದಾರೆ. ಚುನಾವಣೆಯ ಮಾದರಿ ನೀತಿ ಸಂಹಿತೆ, ಬೇರೆ ಪಕ್ಷದ ಟೀಕೆ ಅವರ ನೀತಿ, ಕಾರ್ಯಕ್ರಮ, ಹಿಂದಿನ ದಾಖಲೆ, ಕೆಲಸಕ್ಕೆ ಸೀಮಿತವಾಗಿರಬೇಕು ಅನ್ನುತ್ತದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆಯಬಾರದು. ಪರಿಶೀಲಿಸದ ಆರೋಪ ಮಾಡಬಾರದು. ಜಾತಿ, ಕೋಮಿನ ಭಾವನೆ ಹಿಡಿದು ಮತ ಕೇಳಬಾರದು. ಸಂಹಿತೆ ಜಾರಿಯಲ್ಲಿರುವುದು ಚುನಾವಣೆಯ ದಿನಗಳಲ್ಲಿ ಮಾತ್ರ. ಓದುಗರು ಅದನ್ನು ವರ್ಷಪೂರ್ತಿ ಬಳಸಬಹುದು. ಯಾರೂ ತಡೆಯುವುದಿಲ್ಲ.

"ರಸ್ತೆಗೆ ಬಂದ ದುಡ್ಡು ತಿಂದರು" ಅಂದರೆ ಅದು ಕೆಲಸದ ಮೇಲಿನ ಆರೋಪ. ಕಠಿಣ, ಆದರೆ ನ್ಯಾಯವಾದ ಜಾಗದಲ್ಲಿದೆ. ಸಾಕ್ಷಿ ಕೇಳಿದರೆ ಆಯಿತು. "ಅವರ ಮನೆತನವೇ ಹಾಗೆ", "ಅವರ ಜಾತಿಯೇ ಅಷ್ಟು", "ಆಯಮ್ಮನ ಸೀರೆ ನೋಡಿ" ಅಂದರೆ ಅಲ್ಲಿ ಕೆಲಸದ ಮಾತೇ ಇಲ್ಲ. ಸೌಮ್ಯವಾಗಿ ಹೇಳಿದರೂ ಅದು ಅಸಭ್ಯವೇ.

ಒಬ್ಬರ ತಪ್ಪನ್ನು ಗುಂಪಿಗೆ ಅಂಟಿಸುವುದು ಇನ್ನೂ ಕೆಟ್ಟದ್ದು. ಇದಕ್ಕೆ ದೇಶಕ್ಕೆಲ್ಲ ಗೊತ್ತಿರುವ ಉದಾಹರಣೆ ನಮ್ಮ ಕೋಲಾರದ್ದೇ. 2019ರ ಏಪ್ರಿಲ್ 13ರಂದು ಇಲ್ಲಿನ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ, ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಹೆಸರು ಹೇಳಿ, ಕಳ್ಳರಿಗೆಲ್ಲ ಇದೇ ಉಪನಾಮ ಯಾಕೆ ಅಂತ ಕೇಳಿದರು. ಗುಜರಾತಿನ ಶಾಸಕರೊಬ್ಬರು ಮಾನನಷ್ಟ ಮೊಕದ್ದಮೆ ಹೂಡಿದರು. 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ಎರಡು ವರ್ಷದ ಶಿಕ್ಷೆ ಕೊಟ್ಟಿತು. ಮರುದಿನ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಸದಸ್ಯತ್ವ ಮರಳಿ ಬಂತು. ಆ ಆದೇಶವನ್ನು ಎರಡೂ ಕಡೆಯವರು ಓದಬೇಕು. ಆಡಿದ ಮಾತು ಒಳ್ಳೆಯ ಅಭಿರುಚಿಯದ್ದಲ್ಲ, ಸಾರ್ವಜನಿಕ ಬದುಕಿನಲ್ಲಿರುವವರು ಎಚ್ಚರದಿಂದ ಮಾತಾಡಬೇಕು ಅಂತ ಕೋರ್ಟ್ ಹೇಳಿತು. ಗರಿಷ್ಠ ಶಿಕ್ಷೆಗೆ ಕೆಳಗಿನ ನ್ಯಾಯಾಲಯ ಕಾರಣವನ್ನೇ ಕೊಟ್ಟಿಲ್ಲ ಅಂತಲೂ ಹೇಳಿತು. ಮಾತು ಸರಿಯಿರಲಿಲ್ಲ ಅನ್ನುವುದು ಒಂದು ತೀರ್ಮಾನ. ಅದಕ್ಕೆ ಎಷ್ಟು ಶಿಕ್ಷೆ ಅನ್ನುವುದು ಇನ್ನೊಂದು. ನಾವೂ ಹೀಗೆ ಬೇರೆ ಮಾಡಿ ಯೋಚಿಸುವುದನ್ನು ಕಲಿಯಬೇಕು.

ಹೊಣೆಗಾರಿಕೆಗೆ ಏನು ನೋಡಬೇಕು

ಮೊದಲು ಅಂಕಿ. ಅಂಕಿ ಎಲ್ಲಿಂದ ಬಂತು ಅಂತ ಪೋಸ್ಟಿನಲ್ಲಿ ಹೇಳಿದ್ದಾರಾ? ಪಶ್ಚಿಮ ಘಟ್ಟದ ನೀರನ್ನು ನಮ್ಮ ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಯನ್ನೇ ತೆಗೆದುಕೊಳ್ಳಿ. 24 ಟಿಎಂಸಿ ಅನ್ನುವುದು ಯೋಜನಾ ವರದಿಯ ಲೆಕ್ಕ. ಅಲ್ಲಿ ಸಿಗುವುದು ಸುಮಾರು 9.5 ಟಿಎಂಸಿ ಮಾತ್ರ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ವರದಿ ಹೇಳಿದೆ. 2014ರಲ್ಲಿ 12,912 ಕೋಟಿ ರೂಪಾಯಿ ಇದ್ದ ಅಂದಾಜು ವೆಚ್ಚ 2023ರಲ್ಲಿ 23,251 ಕೋಟಿಗೆ ಏರಿತು. ಒಬ್ಬ ನಾಯಕರು "24 ಟಿಎಂಸಿ ಬಂದೇ ಬರುತ್ತದೆ" ಅಂತ ಬರೆದರೆ ಅದು ಭರವಸೆ. ಇನ್ನೊಬ್ಬರು "ಒಂದು ಹನಿಯೂ ಬರಲ್ಲ, ಎಲ್ಲ ಲೂಟಿ" ಅಂತ ಬರೆದರೆ ಅದು ಆರೋಪ. ಎರಡಕ್ಕೂ ಆಧಾರ ಕೇಳಬೇಕು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ನೀರೆತ್ತುವ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಅದನ್ನು "ನಮ್ಮ ಜಿಲ್ಲೆಗೆ ನೀರು ಬಂತು" ಅಂತ ಬರೆದರೆ ಸುಳ್ಳಲ್ಲದೆ ಮತ್ತೇನು? ಸಾವಿರದೈನೂರು ಅಡಿ ಕೊರೆಸಿ ಬರಿಗೈಯಾದ ರೈತ ಅಂಥ ಒಂದು ಸಾಲು ನಂಬಿ ಸಾಲ ಮಾಡಿಯಾನು.

ಎರಡನೆಯದು, ಆ ಮಾತು ಯಾರ ಮೇಲೆ ಬೀಳುತ್ತದೆ. ದೊಡ್ಡ ನಾಯಕರು ದೊಡ್ಡ ನಾಯಕರನ್ನು ಬೈದರೆ ಇಬ್ಬರಿಗೂ ಮೈಕ್ ಇದೆ. ಆದರೆ ಲಕ್ಷ ಜನ ನೋಡುವ ಖಾತೆಯಿಂದ ಒಬ್ಬ ಶಾಲಾ ಶಿಕ್ಷಕಿಯ, ಗ್ರಾಮ ಆಡಳಿತಾಧಿಕಾರಿಯ, ಸ್ಥಳೀಯ ವರದಿಗಾರರ ಫೋಟೊ ಹಾಕಿ "ಇವರನ್ನು ಒಂದು ಕೈ ನೋಡಿಕೊಳ್ಳಿ" ಅಂದರೆ ನಿಮಿಷದಲ್ಲಿ ಅವರ ಫೋನಿಗೆ ಕರೆ ಶುರುವಾಗುತ್ತದೆ. ಮನೆ ಹತ್ತಿರ ಹುಡುಗರು ಬರುತ್ತಾರೆ. ನಾಯಕರು ಒಂದೇ ಒಂದು ಕೆಟ್ಟ ಪದ ಬಳಸಿರುವುದಿಲ್ಲ. ಹಿಂಬಾಲಕರು ಬಳಸುತ್ತಾರೆ. ನನ್ನ ಲೆಕ್ಕದಲ್ಲಿ ಇದು ಬೈಗುಳಕ್ಕಿಂತ ಹತ್ತು ಪಾಲು ಕೆಟ್ಟದ್ದು. ಹಾಗಾಗಿ ಪೋಸ್ಟಿನ ಕೆಳಗಿನ ಕಾಮೆಂಟ್‌ಗಳನ್ನೂ ಓದಿ. ಬೆದರಿಕೆ, ಜಾತಿ ನಿಂದನೆ ಬಿದ್ದಿದ್ದರೆ ನಾಯಕರ ಕಡೆಯವರು ತೆಗೆದಿದ್ದಾರಾ? "ಹೀಗೆ ಬರೆಯಬೇಡಿ" ಅಂತ ಒಂದು ಸಾಲು ಹಾಕಿದ್ದಾರಾ? ಸುಮ್ನೆ ಇದ್ದಾರೆ ಅಂದರೆ ಅದೂ ಒಂದು ಉತ್ತರವೇ.

ಮೂರನೆಯದು ಸಮಯ. ಊರಲ್ಲಿ ಹಬ್ಬದ ಮೆರವಣಿಗೆಯಲ್ಲಿ ಜಗಳವಾಗಿದೆ, ಪೊಲೀಸರು ಇನ್ನೂ ವಿಚಾರಿಸುತ್ತಿದ್ದಾರೆ. ಆಗಲೇ "ಇದು ಇಂಥವರದೇ ಕೆಲಸ" ಅಂತ ಬರೆಯುವ ನಾಯಕರ ಕೈಯಲ್ಲಿ ಊರಿನ ನೆಮ್ಮದಿ ಇರುತ್ತದೆ. ಅಂಥ ಹೊತ್ತಿನಲ್ಲಿ "ಶಾಂತವಾಗಿರಿ, ಮಾಹಿತಿ ಬಂದ ಮೇಲೆ ಹೇಳುತ್ತೇನೆ" ಅಂತ ಬರೆದವರನ್ನು ಗುರುತಿಟ್ಟುಕೊಳ್ಳಿ. ಅವರಿಗೆ ಲೈಕು ಕಡಿಮೆ ಬೀಳುತ್ತದೆ, ಆದರೆ ಮತ ಹಾಕುವಾಗ ನೆನಪಿರಲಿ.

ತಪ್ಪು ಗೊತ್ತಾದ ಮೇಲೆ ಏನು ಮಾಡಿದರು?

ಎಲ್ಲರೂ ತಪ್ಪು ಮಾಡುತ್ತಾರೆ. ಅದಕ್ಕೇ ಎರಡು ದಿನ ಬಿಟ್ಟು ಅದೇ ಖಾತೆಗೆ ಮತ್ತೆ ಹೋಗಿ. ಸುಮ್ಮನೆ ಅಳಿಸಿದ್ದಾರಾ? ಅಳಿಸಿ, "ತಪ್ಪಾಗಿತ್ತು, ಸರಿಯಾದ ಮಾಹಿತಿ ಇದು" ಅಂತ ಬರೆದಿದ್ದಾರಾ? "ನನ್ನ ಹೇಳಿಕೆಯನ್ನು ತಿರುಚಲಾಗಿದೆ" ಅಂದರೆ ಪೂರ್ತಿ ವಿಡಿಯೊ ಕೊಟ್ಟಿದ್ದಾರಾ? "ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ" ಅನ್ನುವುದನ್ನು ನಾನು ಕ್ಷಮೆ ಅಂತ ಎಣಿಸುವುದಿಲ್ಲ. ನೋವಾದವರು ಯಾರು ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ನಿಮ್ಮ ಪಕ್ಷದವರಿಗೂ ಇದೇ ಅಳತೆ

ಪೋಸ್ಟನ್ನು ಕಾಪಿ ಮಾಡಿ, ಹೆಸರು ತೆಗೆದು, ಎದುರು ಪಕ್ಷದವರ ಹೆಸರು ಹಾಕಿ ಓದಿ. ಈಗ ಸಿಟ್ಟು ಬಂದರೆ ಆಗಲೂ ಬರಬೇಕಿತ್ತು. ಇದನ್ನು ಮಾಡಿ ನೋಡಿ, ಬಹಳ ಕಷ್ಟ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ಜನ ಪೂಜಿಸುವವರನ್ನೂ ಪ್ರಶ್ನಿಸಬಹುದು ಅಂತ ನಿಂತವರು ಅವರು. ಅವರ ಜಿಲ್ಲೆಯವರಾದ ನಾವು ನಮ್ಮ ಶಾಸಕರ ಪೋಸ್ಟನ್ನಾದರೂ ಪ್ರಶ್ನಿಸಬೇಡವೇ?

ಅಳೆದಾಯಿತು, ಮುಂದೇನು?

ಪೋಸ್ಟ್ ಕೇವಲ ಒರಟಾಗಿದ್ದರೆ ಪೊಲೀಸ್ ಠಾಣೆಗೆ ಓಡಬೇಡಿ. ಮನಸ್ಸಿಗೆ ಕಿರಿಕಿರಿ ಮಾಡುವ ಪೋಸ್ಟಿಗೂ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ ಕಲಂ 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ. ಅದು ಒಳ್ಳೆಯದೇ ಆಯಿತು. ನಾಯಕರನ್ನು ಟೀಕಿಸುವ ನಮ್ಮಂಥವರನ್ನು ಕಾಪಾಡುವುದೂ ಆ ತೀರ್ಪೇ. ಅಸಭ್ಯ ಮಾತಿಗೆ ಕೆಳಗೆ ಎರಡು ಸಾಲು ಸಭ್ಯವಾಗಿ ಬರೆದು ಸುಮ್ಮನಾಗಿ.

ಜಾತಿ, ಧರ್ಮಗಳ ನಡುವೆ ದ್ವೇಷ ಹಚ್ಚುವ ಮಾತಾದರೆ ಅದು ಬೇರೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 196 ಅದಕ್ಕೇ ಇದೆ. ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. "ಖಂಡಿಸಲು" ಅಂತ ಆ ಪೋಸ್ಟನ್ನು ಹತ್ತು ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಹಾಗೆ ಮಾಡಿದರೆ ಅದನ್ನು ಹರಡಿದವರಲ್ಲಿ ನೀವೂ ಒಬ್ಬರಾಗುತ್ತೀರಿ.

ವಿಧಾನಸಭೆಯ ಒಳಗೆ ಆಡಿದ ಮಾತಿಗೆ ಶಾಸಕರ ಮೇಲೆ ಕೇಸು ಹಾಕಲಾಗದು. ಸಂವಿಧಾನದ 194ನೇ ವಿಧಿ ಆ ರಕ್ಷಣೆ ಕೊಟ್ಟಿದೆ. ಅದೇ ಮಾತನ್ನು ಫೇಸ್‌ಬುಕ್‌ನಲ್ಲಿ ಹೊಸದಾಗಿ ಬರೆದು ಹಾಕಿದರೆ ಆ ರಕ್ಷಣೆ ಇಲ್ಲ.

ಚುನಾವಣೆ ಸಮಯದಲ್ಲಿ ನೀತಿ ಸಂಹಿತೆ ಮುರಿದವರ ಬಗ್ಗೆ ದೂರು ಕೊಡುವ ಸಿ–ವಿಜಿಲ್ ಆ್ಯಪ್ ಇದೆಯಲ್ಲ ಅಂತ ಕೇಳಬಹುದು. ಅದರಲ್ಲಿ ಅಲ್ಲೇ ಸ್ಥಳದಲ್ಲಿ ದಾಖಲಿಸಿದ ಫೋಟೊ, ವಿಡಿಯೊ, ಆಡಿಯೊ ಮಾತ್ರ ಹಾಕಬಹುದು. ಹಾಗಾಗಿ ಪೋಸ್ಟಿನ ಬಗ್ಗೆ ದೂರು ಕೊಡಲು ಅದು ಆಗುವುದಿಲ್ಲ. ಜಿಲ್ಲಾ ಚುನಾವಣಾಧಿಕಾರಿ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ ಬರೆಯಿರಿ, ಅಥವಾ 1950ಕ್ಕೆ ಕರೆ ಮಾಡಿ. ತಡ ಮಾಡಬೇಡಿ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯ ಬಿಜೆಪಿ ಖಾತೆ ಮೀಸಲಾತಿ ಬಗ್ಗೆ ಹಾಕಿದ್ದ ಆ್ಯನಿಮೇಶನ್ ವಿಡಿಯೊವನ್ನು ತೆಗೆಯುವಂತೆ ಚುನಾವಣಾ ಆಯೋಗ ಎಕ್ಸ್‌ಗೆ (ಹಿಂದಿನ ಟ್ವಿಟರ್) ಸೂಚಿಸಿದ್ದು ಮೇ 7ರಂದು. ರಾಜ್ಯದ ಎರಡನೇ ಹಂತದ ಮತದಾನ ನಡೆದದ್ದೂ ಅದೇ ದಿನ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಏಪ್ರಿಲ್ 26ಕ್ಕೇ ಮತ ಹಾಕಿ ಮುಗಿಸಿದ್ದವು.

ಅಂಕಿಯ ಬಗ್ಗೆ ಅನುಮಾನವಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕೆ.ಸಿ. ವ್ಯಾಲಿ ಬಗ್ಗೆಯಾದರೆ ಸಣ್ಣ ನೀರಾವರಿ ಇಲಾಖೆಗೆ, ಎತ್ತಿನಹೊಳೆಯಾದರೆ ವಿಶ್ವೇಶ್ವರಯ್ಯ ಜಲ ನಿಗಮಕ್ಕೆ. "ನೀರು ಚೆನ್ನಾಗಿದೆಯಾ" ಅಂತ ಕೇಳಿದರೆ ಏನೂ ಸಿಗುವುದಿಲ್ಲ. "ಇಂಥ ಕೆರೆಯ ನೀರಿನ ಕಳೆದ ಆರು ತಿಂಗಳ ಪರೀಕ್ಷಾ ವರದಿಗಳ ಪ್ರತಿ ಕೊಡಿ" ಅಂತ ಕೇಳಿ. ವರದಿ ಕೈಗೆ ಬಂದ ಮೇಲೆ ಅದರ ಫೋಟೊ ತೆಗೆದು, ನಾಯಕರ ಅದೇ ಪೋಸ್ಟಿನ ಕೆಳಗೆ ಹಾಕಿ, "ಸಾರ್, ನೀವು ಹೇಳಿದ್ದು ಹೀಗೆ, ಇಲಾಖೆ ಹೇಳಿದ್ದು ಹೀಗೆ, ಯಾವುದು ಸರಿ?" ಅಂತ ಕೇಳಿ.